ಹರಕೆಯಲ್ಲದ ಬರಿಗಾಲು

ಮಾವ ಬರಿಗಾಲಲ್ಲಿ ತಿರುಗುತ್ತಿದ್ದುದು ಹರಕೆಯಿಂದ ಎಂದು ಬೈಂದೂರಿನ ನಮ್ಮ ಕೇರಿಯವರು ಇಂದಿಗೂ ಹೇಳುತ್ತಾರೆ. ಯಾವ ದೇವರಿಗೆ, ಏನು ಬೇಡಿ, ಎಷ್ಟು ಕಾಲಕ್ಕೆ? ಯಾರ ಬಳಿಯೂ ಉತ್ತರವಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಇಷ್ಟು ಸಡಿಲವಾದ ವಾದ ನನ್ನೆದುರು ನಿಲ್ಲುತ್ತಿರಲಿಲ್ಲ.

ಮಾವ ಅಮ್ಮನ ತಮ್ಮ. ಚೀನಾ ಯುದ್ಧದಲ್ಲಿ ಹಿಮದ ಗುಡ್ಡ ಇಳಿದು ಜೀವಂತ ಬಂದವರು. ಬಂದಮೇಲೆ ಚಪ್ಪಲಿ ಮೆಟ್ಟಲಿಲ್ಲ. ಗದ್ದೆಯಲ್ಲಿ ಆದ ಗಾಯ ಮಾಯದೆ ಹಿಮ್ಮಡಿ ಕೊಳೆಯುತ್ತ ಬಂತು. ಕಾಲು ಉಳಿಯಬೇಕಾದರೆ ಚಪ್ಪಲಿ ಹಾಕಲೇಬೇಕು ಎಂದರು ಕುಂದಾಪುರದ ಡಾಕ್ಟರು. ಮಾವ ತಲೆಯಾಡಿಸಿ, ಆಸ್ಪತ್ರೆಯ ಮೆಟ್ಟಿಲನ್ನು ಬರಿಗಾಲಲ್ಲೇ ಇಳಿದರು.

ಅಜ್ಜಿ ಪಾತ್ರಿಯನ್ನು ಕರೆಸಿ ದೈವದ ದರ್ಶನ ಮಾಡಿಸಿದರು. ಮಗ ಸೈನ್ಯಕ್ಕೆ ಹೋಗುವಾಗ ಮನೆಯ ದೈವಕ್ಕೆ ಹೇಳಿಕೊಂಡಿದ್ದ ಕೋಳಿ ಬಾಕಿಯಿತ್ತು. ಅದರದೇ ಮುನಿಸು ಎಂದು ಅವರ ತೀರ್ಮಾನ. ದೈವ ಮೈಮೇಲೆ ಬಂದ ಪಾತ್ರಿ ನಡುಗುತ್ತ, ಅಡಿಕೆ ಹಿಂಗಾರದ ಎಸಳನ್ನು ಮಾವನ ಅಂಗೈಗೆ ಹಾಕಿ "ಮನ್ನಿಸಿದೆ" ಎಂದ. ಮರುದಿನವೇ ಅಜ್ಜಿ ಹೊಸ ಚಪ್ಪಲಿ ತರಿಸಿ ಜಗಲಿಯ ಕೆಳಗಿಟ್ಟರು.

"ಹಾಕ್ ಮಗಾ. ದೈವವೇ ಬಿಟ್ಟಿತ್, ಇನ್ನೆಂತ ನಿಂದ್?"

"ಕೋಳಿದ್ ಬಿಟ್ಟಿತ್, ಅಬ್ಬೆ," ಎಂದು ಮಾವ ಕೊಟ್ಟಿಗೆಗೆ ನಡೆದರು.

ನಾನು ಬೆನ್ನಹಿಂದೆಯೇ ಹೋದೆ. "ಮತ್ತೆಂತದ್ ಉಳ್ದಿತ್, ಮಾವಯ್ಯ?"

ಎಮ್ಮೆಯ ಬೆನ್ನು ತಿಕ್ಕುತ್ತಲೇ ಹೇಳಿದರು: "ನನ್ ಬೂಟ್ ಹರ್ದ್ ಹೋಯ್ತ್. ಜೊತೆಗಿದ್ದವ ಹಿಮದ್ ಮೇಲೆ ಬಿದ್ದಿದ್ದ. ಸತ್ತಿದ ಅಂದ್ಕಂಡ್ ಅವ್ನ್ ಬೂಟ್ ಬಿಚ್ದೆ. ಎರಡ್ನೇ ಬೂಟ್ ಎಳೆವತಿಗೆ ಕಾಲ್ಬೆರಳ್ ಅಲ್ಲಾಡಿತ್."

"ಮತ್ತೆ?"

"ಎಳ್ದೆ."

ಅವನನ್ನು ಹೊತ್ತು ತರಲು ಆಗುತ್ತಿರಲಿಲ್ಲ, ಬೂಟು ಬಿಟ್ಟಿದ್ದರೆ ಇಬ್ಬರೂ ಸಾಯುತ್ತಿದ್ದಿರಿ ಎಂದು ನಾನು ವಾದ ಹೂಡಿದೆ. ಮಾವ ಕೊನೆಯವರೆಗೂ ಕೇಳಿದರು.

"ಲಾಯ್ಕ್ ಮಾತಾಡ್ತೆ. ಬಹುಮಾನ ಕೊಡ್ತ್ರ್ ನಿಂಗೆ."

ದೈವವನ್ನು ನಂಬದ ನಾನೇ ಬೇರೆ ದಾರಿ ಕಾಣದೆ ಕೇಳಿದೆ: "ಇದನ್ನೂ ದೈವದ್ ಹತ್ರ ಹೇಳುಕಾಗ್ದಾ?"

"ಅವ ನಮ್ಮೂರವನೇ ಅಲ್ಲ ಮಗಾ. ಅವ್ನ್ ಪರವಾಗಿ ಮನ್ನಿಸುಕೆ ನಮ್ಮನಿ ದೈವಕ್ಕೆ ಎಂತ ಹಕ್ಕ್?"



ಮುಂದಿನ ಮಳೆಗಾಲಕ್ಕೆ ಆ ಕಾಲನ್ನು ಕಣಕಾಲಿನ ಮೇಲೆ ಕತ್ತರಿಸಿದರು. ಹರಕೆ ತೀರಿತು ಎಂದಿತು ಕೇರಿ. ಆಸ್ಪತ್ರೆಯಿಂದ ಮನೆಗೆ ಹೊರಡುವ ಬೆಳಿಗ್ಗೆ, ಅಜ್ಜಿ ಕೊಟ್ಟು ಕಳಿಸಿದ್ದ ಜೋಡಿಯಲ್ಲಿ ಒಂದು ಚಪ್ಪಲಿಯನ್ನು ನಾನು ಮಂಚದ ಕೆಳಗಿಟ್ಟೆ. ಮಾವ ಊರುಗೋಲು ಹಿಡಿದು, ಉಳಿದ ಕಾಲನ್ನು ಚಪ್ಪಲಿಯ ಪಕ್ಕದ ತಣ್ಣನೆಯ ನೆಲಕ್ಕೆ ಊರಿದರು.

"ಮಾವಯ್ಯ, ಈ ಕಾಲನ್ನೂ ಕೊಟ್ರೆ ಆ ಹಿಮದ್ ಮೇಲಿದ್ದವ ನಿಮ್ಮನ್ನ್ ಬಿಡ್ತ್ನಾ?"