ಎದೆಯಲ್ಲಿ ಬಿಟ್ಟ ಹೊಲಿಗೆ

ದರ್ಜಿ ಮಾವ ತಲೆ ಕೆಟ್ಟದ್ದಕ್ಕೆ ಮಾತ್ರೆ ನುಂಗುತ್ತಾನೆಂಬುದು ಇಡೀ ಬೀದಿಗೆ ಗೊತ್ತಿತ್ತು. ಹಾಗಾಗಿ ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂದಾಗಲೆಲ್ಲ ಹೆಂಡತಿ, "ಅದೂ ನಿಮ್ ತಲೇದೇ ರೀ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕೊನೆಗೊಂದು ದಿನ ಪ್ಯಾಂಟು ಕತ್ತರಿಸುತ್ತಿದ್ದವನು ಕತ್ತರಿ ಹಿಡಿದೇ ಕುಸಿದ.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರಮ್ಮ, "ನಿಮ್ಮ ತಲೆ ಮಾತ್ರೆಯಿಂದ ಎದೆಬಡಿತದ ತಾಳ ತಪ್ಪಿದೆ, ಬೇರೆ ಬರ್ಕೊಡ್ತೀನಿ" ಎಂದರು. ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು!

"ಕೇಳಿಸ್ತೇನೇ? ಹೊಲಿಗೆ ಬಿಟ್ಟಿರೋದು ಎದೇಲಿ!" ಎಂದು ಹೆಂಡತಿಯತ್ತ ಮೀಸೆ ತಿರುವಿದ.

ಮನೆಗೆ ಬಂದ ದಿನವೇ ನೆಂಟರೆಲ್ಲ ಕಿತ್ತಳೆಹಣ್ಣು ಹಿಡಿದು ಹಾಜರು. ಮಾವ ಒಂದನ್ನು ಸುಲಿಯುತ್ತ ಭಾವಮೈದುನನನ್ನು ಕೇಳಿದ: "ಇಷ್ಟು ವರ್ಷ ತಲೆ ಕೆಟ್ಟಿತ್ತಲ್ಲಯ್ಯಾ, ಆಗ ಮಾರ್ಕೆಟ್ಟಲ್ಲಿ ಕಿತ್ತಳೆ ಸಿಗ್ತಿರ್ಲಿಲ್ವಾ?"