ಬಾಲ ಬದಲಾಯಿಸಿದರೆ ಫೋಟೋ ತೆರೆಯುವುದಿಲ್ಲ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೊಂದು ಹುಚ್ಚು ಹಿಡಿದಿದೆ. ಫೋಟೋಗಳನ್ನು ಒಂದರ ಹಿಂದೊಂದು ಜೋಡಿಸಿ, ಹಿನ್ನೆಲೆಗೆ ಕೊಳಲು ಸೇರಿಸಿ ವಿಡಿಯೋ ಮಾಡುವ ಹುಚ್ಚು. ಬಣಕಲ್ ಸುತ್ತಮುತ್ತ ಯಾರ ಮನೆಯ ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಊಟಕ್ಕೆ ಕರೆಯುವವರು ಜೊತೆಗೆ ಇಪ್ಪತ್ತು ಫೋಟೋಗಳನ್ನೂ ಕಳಿಸುತ್ತಾರೆ. ನನ್ನ ವಿಡಿಯೋಗಳಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗ ಪುಸ್ತಕದ ಪುಟ ಮಗುಚಿದಂತೆ ಕಾಣುತ್ತದೆ. ಎಲ್ಲ ವಿಡಿಯೋಗಳಲ್ಲೂ ಹಾಗೆಯೇ, ಏಕೆಂದರೆ ನನಗೆ ಬರುವುದು ಅದೊಂದೇ. ನೋಡಿದವರು ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅಷ್ಟು ಸಾಕು.

ಹೋದ ತಿಂಗಳು ಕಳಸದಿಂದ ಒಂದು ಫೋನ್ ಬಂತು.

"ಅಂಕಲ್, ನಾನು ಸುಜಾತ, ಮಂಜಯ್ಯ ಮೇಸ್ತ್ರಿ ಮಗಳು. ಚಿಕ್ಕೋಳಿದ್ದಾಗ ನೀವು ಚೀಟಿ ಹಿಂದೆ ಅ ಆ ಬರ್ಕೊಡ್ತಿದ್ರಲ್ಲ. ಅಪ್ಪಂಗೆ ಎಂಬತ್ತು ತುಂಬ್ತದೆ, ಒಂದು ವಿಡಿಯೋ ಆಗ್ಬೇಕಿತ್ತು. ನಮ್ಮ ರೈಟ್ರಿಗೇ ಹೇಳು ಅಂದ್ರು ಅಪ್ಪ."

ಕೂತಿದ್ದವನು ಎದ್ದು ನಿಂತೆ.

ಕಾಫಿ ಎಸ್ಟೇಟಿನಲ್ಲಿ ರೈಟರ್ ಅಂದರೆ ಸಾಹಿತಿಯಲ್ಲ. ಆಳುಗಳ ಹಾಜರಿ ಬರೆಯುವವನು, ಕಾಫಿ ಮೂಟೆಗೆ ಚೀಟಿ ಬರೆಯುವವನು. ಆಳುಗಳ ಜೊತೆ ನಿಂತು ಕೆಲಸ ಮಾಡಿಸುವವನು ಮೇಸ್ತ್ರಿ. ಒಂದೇ ತೋಟದಲ್ಲಿ ಒಂಬತ್ತು ವರ್ಷ ನಾನು ರೈಟರ್, ಮಂಜಯ್ಯ ಮೇಸ್ತ್ರಿ. ನನಗಿಂತ ಎಂಟು ವರ್ಷ ದೊಡ್ಡವನು. ನಾಲ್ಕು ಜನರೆದುರು ನನ್ನನ್ನು "ರೈಟ್ರೇ" ಅನ್ನುತ್ತಿದ್ದ, ಇಬ್ಬರೇ ಇದ್ದಾಗ "ಮಾರಾಯ". ಅವನು ತೋಟ ಬಿಟ್ಟ ಮೇಲೆ ಮಾರಾಯ ಎಂದು ಕರೆದವರು ಬೇಕಾದಷ್ಟು ಜನ ಸಿಕ್ಕಿದ್ದಾರೆ, ಆದರೆ ಆ ದನಿ ಸಿಕ್ಕಿಲ್ಲ. ನಲವತ್ತು ವರ್ಷದಲ್ಲಿ ಒಮ್ಮೆ ಮಾತ್ರ ಅವನನ್ನು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಮಾತಾಡಿಸಲಿಲ್ಲ. ಅವನ ಬಸ್ಸು ಹೊರಡುವವರೆಗೆ ಪೇಪರನ್ನು ಮುಖಕ್ಕೆ ಹಿಡಿದು ಒಂದು ಗೊಬ್ಬರದ ಜಾಹೀರಾತು ಓದುತ್ತಿದ್ದೆ. ಅದು ಇವತ್ತಿಗೂ ನನಗೆ ಬಾಯಿಪಾಠ.

ಸುಜಾತ ಫೋಟೋ ಕಳಿಸಿದಳು. ಚಿತ್ರ ಮಸುಕಾಗಬಾರದೆಂದು ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದಳು. ವಿಡಿಯೋ ಸಾಫ್ಟ್‌ವೇರು ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಫೈಲಿನ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಚ್‌ಇಐಸಿ ಎಂಬ ಬಾಲ ಇತ್ತು. ದಿನಾ ನಾನು ನೋಡುವ ಬಾಲ ಜೆಪಿಜಿ. ಇಷ್ಟೇ ತಾನೇ ಎಂದುಕೊಂಡು ಹಳೆಯ ಬಾಲ ಅಳಿಸಿ ಜೆಪಿಜಿ ಎಂದು ಬರೆದೆ. ಹೀಗೆ ಮಾಡಿದರೆ ಫೈಲು ಕೆಡಬಹುದು, ಖಂಡಿತವಾಗಿಯೂ ಬದಲಾಯಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದೆ. ಈ ಸಲ ಒಳಗೇನೋ ಬಂದವು. ಆದರೆ ಪ್ರತಿ ಫೋಟೋದ ಜಾಗದಲ್ಲೂ ಒಂದು ಕಪ್ಪು ಚೌಕ, ಕೆಳಗೆ ಚೆಂದದ ಹೆಸರು.

 ಹೆಸರು ಬದಲಾಯಿಸುವ ಈ ಕೆಲಸ ನಾನು ಮೊದಲ ಸಲ ಮಾಡಿದ್ದಲ್ಲ.

ನಮ್ಮ ತೋಟದಲ್ಲಿ ಕಾಫಿ ಒಣಗಿಸಲು ಎರಡು ಕಣಗಳಿದ್ದವು. ಕೆಳಗಿನದು ಮಂಜಯ್ಯನ ಜವಾಬ್ದಾರಿ. ಮೇಲಿನದನ್ನು ನಾನೇ ಸಾಹುಕಾರರ ಹತ್ತಿರ ಕೇಳಿ ಪಡೆದಿದ್ದೆ, ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆಗೆ. ಒಂದು ಮಧ್ಯಾಹ್ನ ಕಾಲವಲ್ಲದ ಕಾಲದ ಮಳೆ ಬಂತು. ಮಂಜಯ್ಯ ಮೋಡ ನೋಡಿಯೇ ಕಾಫಿ ರಾಶಿ ಮಾಡಿಸಿ ಟಾರ್ಪಾಲು ಹೊದಿಸಿದ್ದ. ನಾನು ಆಫೀಸಿನೊಳಗೆ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದೆ. ನನ್ನ ಕಣದ ಕಾಫಿ ನೆನೆದು ನೀರಾಯಿತು. ಮತ್ತೆ ಒಣಗಿಸಿದರೂ ಮುಗ್ಗಲು ವಾಸನೆ ಹೋಗಲಿಲ್ಲ. ಬೇರೆಯವರ ಮೂಗಿಗೆ ತಾಗಬಾರದೆಂದು ಆ ಮೂಟೆಗಳ ಬಾಯನ್ನು ನಾನೇ ಕಟ್ಟಿದೆ. ಆಮೇಲೆ ಚೀಟಿ ಬದಲಾಯಿಸಿದೆ. ಮೇಲಿನ ಕಣದ ಮೂಟೆಗೆ ಕೆಳಗಿನ ಕಣದ ಚೀಟಿ, ಅದಕ್ಕೆ ಇದರದು. ಖಂಡಿತವೇ ಎಂದು ಆಗ ನನ್ನನ್ನು ಯಾರೂ ಕೇಳಲಿಲ್ಲ. ಕಾಫಿಯ ಸಿಪ್ಪೆ ತೆಗೆಯುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಬಿಚ್ಚಿದರು, ಮುಗ್ಗಲು ಬಂದದ್ದರ ಚೀಟಿ ನೋಡಿದರು. ಎಸ್ಟೇಟಿನಲ್ಲಿ ಚೀಟಿ ಹೇಳಿದ್ದೇ ಸತ್ಯ. ಆ ವಾರವೇ ಕೆಲಸ ಕಳೆದುಕೊಂಡ ಮಂಜಯ್ಯ ಹೆಂಡತಿ, ಮಗಳು, ಒಂದು ಟ್ರಂಕಿನೊಂದಿಗೆ ಕಳಸದ ಕಡೆ ಹೋದ.

ಫೋಟೋಗಳಿಗೆ ಅವುಗಳ ಹಳೆಯ ಬಾಲವನ್ನೇ ಮರಳಿ ಬರೆದೆ. ಆ ಜಾತಿಯ ಚಿತ್ರ ಓದಬಲ್ಲ ಚಿಕ್ಕದೊಂದು ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದನ್ನೇ ತೆರೆದು, ಬೇರೆ ರೂಪದಲ್ಲಿ ಉಳಿಸು ಎಂದು ಹೇಳಿ ನಿಜವಾದ ಜೆಪಿಜಿ ಮಾಡಿದೆ. ಹೆಸರಲ್ಲ, ಒಳಗಿನದು ಬದಲಾಗಬೇಕಿತ್ತು. ಕಪ್ಪು ಚೌಕಗಳನ್ನು ತೆಗೆದು ಹೊಸದಾಗಿ ಸೇರಿಸಿದಾಗ ಒಬ್ಬೊಬ್ಬರೇ ಬೆಳಕಿಗೆ ಬಂದರು. ಅಡ್ಡ ಬಿದ್ದ ಎರಡು ಫೋಟೋಗಳನ್ನು ತಿರುಗಿಸಿ ನಿಲ್ಲಿಸಿದೆ. ಹದಿನೇಳನೆಯದು ಹಳೆಯ ಫೋಟೋವೊಂದನ್ನು ಫೋನಿನಲ್ಲಿ ಹಿಡಿದದ್ದು. ಕಣದ ನಡುವೆ ನಾವಿಬ್ಬರು. ಅವನದು ಬರಿಗಾಲು, ನನ್ನ ಕಾಲಲ್ಲಿ ಶೂ. ಅವನ ಕೈ ನನ್ನ ಹೆಗಲ ಮೇಲಿತ್ತು. ಅದನ್ನು ನೋಡಿದ ಮೇಲೆ ವಿಡಿಯೋವನ್ನು ಫೋನಿನಲ್ಲೇ ಕಳಿಸಿ ಕೈತೊಳೆದುಕೊಳ್ಳಲು ಆಗಲಿಲ್ಲ. ಹುಟ್ಟುಹಬ್ಬದ ಹಿಂದಿನ ದಿನ ಲ್ಯಾಪ್‌ಟಾಪು ಹಿಡಿದು ಹೊರನಾಡಿನ ಬಸ್ಸು ಹತ್ತಿ ಕಳಸದಲ್ಲಿ ಇಳಿದೆ.

ಮಂಜಯ್ಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. "ಬನ್ನಿ ರೈಟ್ರೇ," ಅಂದ. ಇಬ್ಬರೇ ಇದ್ದೆವು, ಆದರೂ ರೈಟ್ರೇ. ಅಷ್ಟರಲ್ಲಿ ಒಳಗಿನಿಂದ ಸುಜಾತಳ ದನಿ ಬಂತು. "ಅಪ್ಪ, ಮೋಡ ಆಗ್ತಿದೆ, ಅಂಗಳದ ಹಪ್ಪಳ ನಾನೇ ತೆಗಿತೀನಿ. ನಿಮ್ಮನ್ನ ನಂಬಿದ್ರೆ ಕಾಫಿ ಗತಿನೇ ಅದಕ್ಕೂ."

ಅವನು ನಕ್ಕ. ನಲವತ್ತು ವರ್ಷ ಆ ಮನೆಯಲ್ಲಿ ಆ ತಮಾಷೆ ನಡೆದು ಬಂದಿದೆ ಎಂದು ನನಗೆ ಗೊತ್ತಿರಲಿಲ್ಲ. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಅವನ ಕೈ ಅವರೆಕಾಯಿ ಬಿಡಲಿಲ್ಲ.

"ಗೊತ್ತಿತ್ತು. ಸಾಹುಕಾರ್ರು ನನ್ನೂ ಕ್ಯೂರಿಂಗಿಗೆ ಕರ್ಕೊಂಡ್ ಹೋಗಿದ್ರು. ನೀವು ಚೀಟಿ ಬದಲಾಯ್ಸಿದ್ರಿ, ಗಂಟು ಬದಲಾಯ್ಸ್ಲಿಲ್ಲ. ಮುಗ್ಗಲು ಮೂಟೆ ಬಾಯಿಗೆಲ್ಲ ಶೂ ಲೇಸಿಗೆ ಹಾಕೋ ಗಂಟು. ತೋಟದಲ್ಲಿ ಶೂ ಹಾಕ್ತಿದ್ದೋರು ಇಬ್ರೇ. ಸಾಹುಕಾರ್ರು ಮೂಟೆ ಕಟ್ತಾರಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಬರೆಯೋದು ಬಿಟ್ರೆ ನಿಮಗೆ ಬೇರೆ ಏನ್ ಬರ್ತಿತ್ತು?" ಆಮೇಲೆ ಅಂಗಳದ ಕಡೆ ಕಣ್ಣು ತೋರಿಸಿದ. "ನಂಗೆ ಹೇಳಿ ಏನ್ ಬಂತು. ಅವಳಿಗೆ ಹೇಳಿ."

ಹೇಳಿದೆ. ಸುಜಾತ ಹಪ್ಪಳದ ಚಾಪೆ ಹಿಡಿದುಕೊಂಡೇ ಕೇಳಿದಳು. "ಹೌದಾ ಅಪ್ಪ?" ಅಂದಳು. ಅವನು ತಲೆ ಆಡಿಸಿದ. ಅವಳು ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಅಪ್ಪನ ಕೈಗೆ ಒಂದು ಕೊಟ್ಟು, ಅವನು ಒಂದು ಗುಟುಕು ಕುಡಿಯುವವರೆಗೂ ನನ್ನ ಲೋಟವನ್ನು ಅವಳೇ ಹಿಡಿದು ನಿಂತಿದ್ದಳು.

"ನಾಳೆ ಎಲ್ರೂ ಬರ್ತಾರೆ ಅಂಕಲ್," ಅಂದಳು ಕೊನೆಗೆ. "ಅದನ್ನ ವಿಡಿಯೋದಲ್ಲಿ ಬರೀರಿ."

ಜಗಲಿಯಲ್ಲೇ ಕೂತು ಹದಿನೇಳನೆಯ ಚಿತ್ರದ ಕೆಳಗೆ ಬರೆದೆ: ಕಾಫಿ ನೆನೆಸಿದ್ದು ನಾನು, ಚೀಟಿ ಬದಲಾಯಿಸಿದ್ದೂ ನಾನು. ಪುಟ ಮಗುಚುವ ಆಟವನ್ನು ಅದೊಂದಕ್ಕೆ ಮಾತ್ರ ತೆಗೆದುಹಾಕಿದೆ. ಅದು ಸ್ವಲ್ಪ ಹೊತ್ತು ನಿಲ್ಲಲಿ ಅನ್ನಿಸಿತು.

ಮರುದಿನ ನೆಂಟರಿಷ್ಟರೆಲ್ಲ ಟೀವಿಯ ಮುಂದೆ ಕೂತಿದ್ದರು. ಆ ಚಿತ್ರ ಬಂತು, ನಿಂತಿತು. ಓದಬಲ್ಲವರು ಓದಿ ಮಂಜಯ್ಯನ ಮುಖ ನೋಡಿದರು. ಅಕ್ಷರ ಕಲಿಯದ ಮಂಜಯ್ಯ ಮುಂದಿನ ಕುರ್ಚಿಯಿಂದ ನನ್ನ ಕಡೆ ತಿರುಗಿದ.

"ಅದೇನ್ ಬರ್ದಿದೀಯ ಮಾರಾಯ, ಜೋರಾಗಿ ಓದು," ಅಂದ, ಅಷ್ಟು ಜನರೆದುರು.

ಓದಿದೆ. ನಾನೇ ಬರೆದದ್ದನ್ನು ಓದುವುದು ನನಗೆ ಅಷ್ಟು ಕಷ್ಟ ಎಂದೂ ಆಗಿರಲಿಲ್ಲ.