ಎಂಜಿನ್ ರೂಮಿನ ಕೈಮಾತು

ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಹಿರಿಯರು ಈಗ ಮಗಳ ಜೊತೆ ಬ್ರಿಸ್ಬೇನ್‌ನಲ್ಲಿದ್ದಾರೆ. ಕಾರವಾರದ ಕಡೆಯವರು, ನೇವಿಯ ಸಬ್‌ಮರೀನ್‌ನಲ್ಲಿ ಎಂಜಿನ್ ನೋಡಿಕೊಂಡಿದ್ದವರು. ಏನೇ ಮಾತು ಬರಲಿ, ಟೀ ಕಪ್ ಕೆಳಗಿಟ್ಟು, "ಡೀಸೆಲ್ ಬಂದ್ಮೇಲೇ ಮೇಡಂ, ಸಬ್‌ಮರೀನ್ ದಡ ಬಿಟ್ಟು ದೂರ ಹೋಗಿದ್ದು" ಎನ್ನುತ್ತಿದ್ದರು. ಅದಕ್ಕೂ ಮೊದಲಿನ ಪೆಟ್ರೋಲ್ ಎಂಜಿನ್ನಿನ ಆವಿಗೆ ಒಳಗಿದ್ದವರು ತಲೆತಿರುಗಿ ಬೀಳುತ್ತಿದ್ದರಂತೆ.

ಇಲ್ಲಿದ್ದಾಗ ಶನಿವಾರಗಳಂದು ಅವರು ಮ್ಯೂಸಿಯಂನಲ್ಲಿಟ್ಟ ಹಳೆಯ ಸಬ್‌ಮರೀನ್‌ಗೆ ವಾಲಂಟಿಯರ್ ಗೈಡ್ ಆಗಿದ್ದರು. ವರ್ಷಗಟ್ಟಲೆ ಕೇಳಿದ ಎಂಜಿನ್ನಿನ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಪ್ರಶ್ನೆ ಕೇಳಿದರೆ ಉತ್ತರವಿಲ್ಲವೆಂದು ಯಾರೋ ಕಂಪ್ಲೇಂಟ್ ಮಾಡಿದರು. ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ನೋಡಲು ಸೂಪರ್‌ವೈಸರ್ ಬಂದ ದಿನ ನಾನೂ ನನ್ನ ಮೊಮ್ಮಗಳೂ ಹೋಗಿದ್ದೆವು.

ಎಂಜಿನ್ ರೂಮಿನಲ್ಲಿ ಅವರು ಎಲ್ಲರನ್ನೂ ನಿಲ್ಲಿಸಿ ಇಂಗ್ಲಿಷಿನಲ್ಲಿ, ಡೀಸೆಲ್ ಓಡುವಾಗ ಇಲ್ಲಿ ಎಲ್ಲರೂ ಕಿವುಡರೇ, ನಾವು ಕೈಯಲ್ಲೇ ಮಾತಾಡುತ್ತಿದ್ದೆವು, ನೀವೂ ಪ್ರಶ್ನೆಗಳನ್ನು ಹಾಗೆಯೇ ಕೇಳಿ ಎಂದರು. ನನ್ನತ್ತ ತಿರುಗಿ, "ನೀವು ಟೀಚರಮ್ಮ, ಬಾಯಿ ಮುಚ್ಕೊಂಡಿರೋದು ಕಷ್ಟಾನೇ" ಎಂದು ನಕ್ಕರು.

ಮೊಮ್ಮಗಳು ಮೂಗು ಮುಟ್ಟಿ ಎಂಜಿನ್ನಿನತ್ತ ಬೆರಳು ತೋರಿಸಿದಳು: ಇದಕ್ಕೆ ಉಸಿರು ಎಲ್ಲಿಂದ? ಅವರು ಚಾಚಿದ ಅಂಗೈಯನ್ನು ಮೆಲ್ಲಗೆ ಮೇಲೆತ್ತಿ, ಎದೆ ತುಂಬ ಗಾಳಿ ಎಳೆದುಕೊಂಡರು. ನೀರಿನ ಮೇಲೆ ಬಂದು ಉಸಿರಾಡಿ, ಬ್ಯಾಟರಿ ತುಂಬಿಸಿಕೊಂಡು ಮತ್ತೆ ಮುಳುಗಬೇಕು. ಎಲ್ಲವನ್ನೂ ಆ ಕೈಗಳೇ ಹೇಳಿದವು. ಇಡೀ ಗುಂಪು ಕೈ ಆಡಿಸತೊಡಗಿತು.

ಕೊನೆಗೆ ಸೂಪರ್‌ವೈಸರ್ ಮಾತಾಡದೆ ಮೊದಲು ಅವರತ್ತ, ಆಮೇಲೆ ನೆಲದತ್ತ ಬೆರಳು ತೋರಿಸಿದಳು: ನೀವು ಇಲ್ಲೇ. ಅವರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

ಮೊಮ್ಮಗಳಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದವರೊಬ್ಬರ ತೋಳು ಹಿಡಿದು ಕೂಗಿದಳು: "ಹೀ ಲಿವ್ಸ್ ಅಕ್ರಾಸ್ ಫ್ರಮ್ ಅಸ್!"